ಧ್ವನಿಯಿಂದ ಪ್ರೋಗ್ರಾಮಿಂಗ್: ಆಜ್ಞಾಪದಗಳ ಧ್ವನಿಮಾತ್ಮಕ ಆಯ್ಕೆ

ಸ್ಕ್ರ್ಯಾಚ್ ಭಾಷೆಯಲ್ಲಿ ಪ್ರೋಗ್ರಾಮ್ ರಚಿಸುವುದೆಂದರೆ ಬಣ್ಣದ ತುಂಡುಗಳನ್ನು ಮೌಸಿನಿಂದ ಎಳೆದು ಜೋಡಿಸುವುದು. ಚಲನ ವೈಕಲ್ಯವುಳ್ಳ ಮಗುವಿಗೆ ಇಲ್ಲಿಯೇ ತಡೆ. ಅಮೆರಿಕದ ಅಲಬಾಮಾದಲ್ಲಿ ಆಂಬರ್ ವ್ಯಾಗ್ನರ್ ಮತ್ತು ಸಂಗಡಿಗರು 2012ರಲ್ಲಿ ವಿವರಿಸಿದ ‘ಮೈನಾ’ ಎಂಬ ಸಾಧನವು ಈ ಎಳೆತವನ್ನು ಮಾತಿನ ಆಜ್ಞೆಗಳಿಗೆ ವರ್ಗಾಯಿಸಿತು. ಅದರ ಪದಸಂಪತ್ತು ಕಿರಿದು. ಆ ಕಿರಿದುತನವೇ ಅದರ ಬಲವೆಂದು ನಾವು ಭಾವಿಸುತ್ತೇವೆ. ಪೈಪೋಟಿಯ ಪದಗಳು ಕಡಿಮೆಯಾದಷ್ಟೂ ಯಂತ್ರದ ಗ್ರಹಿಕೆ ಹದಗೊಳ್ಳುತ್ತದೆ.

ಬಿಡಿ ಅಕ್ಷರಗಳನ್ನು ನುಡಿಯಬೇಕಾದಾಗ ಸಮಸ್ಯೆ ನೇರವಾಗಿ ಧ್ವನಿಮಾತ್ಮಕವಾಗುತ್ತದೆ. ಇಂಗ್ಲಿಷಿನ ಬಿ, ಡಿ, ಪಿ, ಟಿಗಳ ನಡುವಣ ಭೇದ ಒಂದು ವ್ಯಂಜನ ಮಾತ್ರ. ಆದುದರಿಂದ ‘ಟಾಲನ್’ ತಂತ್ರಾಂಶದ ಬಳಕೆದಾರರು ಅವುಗಳಿಗೆ ಬದಲಾಗಿ ಬ್ಯಾಟ್, ಡ್ರಮ್, ಪಿಟ್, ಟ್ರ್ಯಾಪ್ ಎನ್ನುತ್ತಾರೆ. ಎಲ್ಲವೂ ಒಂದೇ ಉಚ್ಚಾರಾಂಶದವು; ದಿನವಿಡೀ ನುಡಿಯುವ ಗಂಟಲಿಗೆ ಈ ಮಿತವ್ಯಯ ಸಣ್ಣ ಮಾತಲ್ಲ.

ಕನ್ನಡದಲ್ಲಿ ಇಂತಹ ಪಟ್ಟಿ ಸುಲಭವಲ್ಲ. ಹಳಗನ್ನಡದ ಕಲ್, ಪಾಲ್ ಎಂಬವು ಒಂದೇ ಉಚ್ಚಾರಾಂಶದವು. ಹೊಸಗನ್ನಡದಲ್ಲಿ ಉಕಾರ ಸೇರಿ ಕಲ್ಲು, ಹಾಲು ಆಗಿವೆ. (ಕೇಶಿರಾಜನ ಕಾಲದ ಪ್ರೋಗ್ರಾಮರನಿಗೆ ಈ ತೊಂದರೆ ಇರುತ್ತಿರಲಿಲ್ಲ!) ಉಳಿದ ಕೈ, ಮೈಗಳಲ್ಲಿಯೂ ಭೇದ ಮತ್ತೆ ಒಂದೇ ವ್ಯಂಜನದ್ದು.

ಆದರೆ ಸೆರೆಬ್ರಲ್ ಪಾಲ್ಸಿಯುಳ್ಳ ಅನೇಕರಲ್ಲಿ ಉಚ್ಚಾರಣೆಯೂ ಬಾಧಿತವಾಗಿರುತ್ತದೆ. ಅಂಥವರಿಗೆ ‘ಡ್ರಮ್’, ‘ಟ್ರ್ಯಾಪ್’ಗಳ ಆದಿಯ ವ್ಯಂಜನಗುಚ್ಛವೇ ತೊಡಕಾಗಬಹುದು, ಮರ, ಹಾಲುಗಳಂತಹ ಸ್ವರಾಂತ ಪದಗಳು, ಉದ್ದವಾದರೂ, ಹೆಚ್ಚು ಒಗ್ಗಬಹುದು. ಟಾಲನ್‌ನಲ್ಲಿ ಈ ಪದಗಳನ್ನು ಬದಲಿಸಿಕೊಳ್ಳಲು ಅವಕಾಶವಿದೆ. ಪಟ್ಟಿಯನ್ನು ಕಲಿಸುವ ಮುನ್ನ, ಯಾವ ಧ್ವನಿಭೇದಗಳು ಕಲಿಯುವವರ ಬಾಯಲ್ಲಿ ನಿಲ್ಲುತ್ತವೆ ಎಂಬುದನ್ನು ಪರೀಕ್ಷಿಸಬೇಕೆಂಬುದು ನಮ್ಮ ನಿಲುವು.