ಹಳೆ ಕಾರಿನ ಕ್ಲಚ್ಚಿಗೆ ಗಾಳಿಯೇ ವೈರಿ

ಗೇರ್ ಹಾಕುವಾಗ ಕರಕರ ಸದ್ದು. ಪೆಡಲ್ ತುಳಿದರೆ ಸ್ಪಂಜಿನ ಮೇಲೆ ಕಾಲಿಟ್ಟಂತೆ. ಹಳೆಯ ಕಾರುಗಳ ಒಡೆಯರಿಗೆ ಈ ತಾಪತ್ರಯ ಹೊಸದೇನಲ್ಲ. ಕ್ಲಚ್ ತಟ್ಟೆಯೇ ಹೋಯಿತೆಂದು ಎಂಜಿನ್ ಇಳಿಸಲು ಹೊರಡುವವರೂ ಉಂಟು. ಆದರೆ ಹಲವು ಸಲ ಅಪರಾಧಿ, ಕೊಳವೆಯೊಳಗೆ ಸೇರಿಕೊಂಡ ಗಾಳಿಯ ಗುಳ್ಳೆ.

ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ‘ಎಂಜಿಬಿ’ ಸ್ಪೋರ್ಟ್ಸ್ ಕಾರನ್ನೇ ನೋಡಿ. ಅದರ ಪೆಡಲಿಗೂ ಕ್ಲಚ್ಚಿಗೂ ನಡುವೆ ಕೇಬಲ್ ಇಲ್ಲ. ದ್ರವ ತುಂಬಿದ ಕೊಳವೆಯಿದೆ. ಪೆಡಲ್ ಒತ್ತಿದಾಗ ಮೇಲಿನ ಮಾಸ್ಟರ್ ಸಿಲಿಂಡರ್ ದ್ರವವನ್ನು ನೂಕುತ್ತದೆ. ಕೆಳಗಿನ ಸ್ಲೇವ್ ಸಿಲಿಂಡರಿನ ಪಿಸ್ಟನ್ ಮುಂದೆ ಸರಿದು ಸನ್ನೆಯನ್ನು ತಳ್ಳುತ್ತದೆ. ಎಂಜಿನ್ನಿನ ಹಿಡಿತದಿಂದ ಕ್ಲಚ್ ತಟ್ಟೆ ಬಿಡಿಸಿಕೊಳ್ಳುತ್ತದೆ.

ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬ ತತ್ವವೇ ಇದಕ್ಕೆ ಬುನಾದಿ. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ವಿವರಿಸಿದ ಈ ತತ್ವದ ಗ್ರಂಥ, ಆತ ತೀರಿಕೊಂಡ ಮರುವರ್ಷ, 1663ರಲ್ಲಿ ಪ್ರಕಟವಾಯಿತು. ಕೆಳಗಿನ ಪಿಸ್ಟನ್ನಿನ ವ್ಯಾಸ ಮೇಲಿನದರ 2 ಪಟ್ಟಿದ್ದರೆ ಬಲ 4 ಪಟ್ಟಾಗುತ್ತದೆ. ಆದರೆ ಅದು ಸರಿಯುವ ದೂರ ಕಾಲು ಭಾಗಕ್ಕಿಳಿಯುತ್ತದೆ. ಹೀಗಾಗಿ ಇಲ್ಲಿ ಕೂದಲೆಳೆಯಷ್ಟು ಚಲನೆ ನಷ್ಟವಾದರೂ ಕ್ಲಚ್ ಪೂರ್ತಿ ಬಿಡದು. ದ್ರವ ಕುಗ್ಗುವುದಿಲ್ಲವೆನ್ನಬಹುದು, ಗಾಳಿ ಕುಗ್ಗುತ್ತದೆ. ಕಾಲಿನ ಶ್ರಮವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ.

ಆದ್ದರಿಂದ ಸಿಲಿಂಡರ್ ಬದಲಿಸಿದ ಮೇಲೆ ‘ಏರ್ ತೆಗೆಯುವುದು’ ಕಡ್ಡಾಯ. ದ್ರವದ ಡಬ್ಬಿ ತುಂಬಿಸಿ, ಸ್ಲೇವ್ ಸಿಲಿಂಡರಿನ ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಬೇಕು. ಪೆಡಲ್ ಮೇಲೇಳುವ ಮೊದಲೇ ಬಿಗಿಯಬೇಕು. ಗುಳ್ಳೆ ನಿಲ್ಲುವವರೆಗೂ ಇದನ್ನೇ ಮಾಡಬೇಕು. ನಡುವೆ ಡಬ್ಬಿ ಬರಿದಾದರೆ ಕೆಲಸ ಮತ್ತೆ ಮೊದಲಿನಿಂದ. ಗಾಳಿ ಮೇಲಕ್ಕೇರುವ ಗುಣದ್ದಾದ್ದರಿಂದ ಕೆಲವರು ಕೆಳಗಿನಿಂದಲೇ ದ್ರವ ನೂಕಿ ಅದನ್ನು ಹೊರಹಾಕುತ್ತಾರೆ.

ಇನ್ನೆರಡು ಎಚ್ಚರಿಕೆಗಳಿವೆ. ಪೆಡಲ್ ಬಿಟ್ಟಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಬೇಕು. ಬಾರದಿದ್ದರೆ ಕೊಳವೆಯಲ್ಲಿ ಒತ್ತಡ ಉಳಿದು ಕ್ಲಚ್ ಜಾರುತ್ತದೆ, ತಟ್ಟೆ ಸವೆಯುತ್ತದೆ. ಇನ್ನು ಬ್ರೇಕ್ ದ್ರವದ ಜಾಗದಲ್ಲಿ ಎಂಜಿನ್ ಆಯಿಲ್ ಹಾಕಿದರಂತೂ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಕೆಡುತ್ತವೆ. ಸಾಮಾನ್ಯ ಬ್ರೇಕ್ ದ್ರವವೂ ಗಾಳಿಯ ತೇವ ಹೀರುತ್ತದೆ; ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ.

ಎಂಜಿನ್ ಇಳಿಸುವ ಖರ್ಚಿಗೆ ಮುಂದಾಗುವ ಮೊದಲು ನಿಪ್ಪಲನ್ನೊಮ್ಮೆ ಸಡಿಲಿಸಿ ನೋಡುವುದೇ ಜಾಣತನ.