ಬಾನುಲಿ ಗೋಪುರದ ಹತ್ತಿರ ಮೀಟರ್ ಸುಳ್ಳು ಹೇಳುವುದೇಕೆ?

ಗೆಳೆಯರೇ, ಹ್ಯಾಮ್ ರೇಡಿಯೋ ಎಂಬ ಹವ್ಯಾಸದ ಹೆಸರು ನೀವು ಕೇಳಿರಬಹುದು. ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರು ಮನೆಯಿಂದಲೇ ರೇಡಿಯೋ ಮೂಲಕ ದೂರದೂರಿನವರ ಜೊತೆ ಮಾತಾಡುತ್ತಾರೆ. ಇದಕ್ಕೆ ಟೆಲಿಫೋನ್ ತಂತಿ ಬೇಡ, ಮೊಬೈಲ್ ಟವರೂ ಬೇಡ. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದು ಅಂಡಮಾನಿನ ಟೆಲಿಫೋನು ಕೆಟ್ಟಾಗ ಹ್ಯಾಮ್‌ಗಳೇ ಸುದ್ದಿ ಮುಟ್ಟಿಸಿದರು. ನಮ್ಮ ಭೀಮಾ ನದಿಯೂ 2020ರ ಅಕ್ಟೋಬರಿನಲ್ಲಿ ಉಕ್ಕಿ ಬಂದಿತ್ತಲ್ಲ? ಅಂಥ ಹೊತ್ತಿಗೆ ಹ್ಯಾಮ್ ಕೈಲಿರುವ ಆಂಟೆನಾ ಸರಿ ಇರಬೇಕು. ಸರಿ ಇದೆಯೋ ಇಲ್ಲವೋ ಅಂತ ತೋರಿಸುವ ಉಪಕರಣವೇ ಆಂಟೆನಾ ಅನಲೈಜರ್.

ಇದು ಕೆಲಸ ಮಾಡುವುದು ಹೇಗೆ? ಬಾವಿಯೊಳಗೆ ಕೂಗಿ ಪ್ರತಿಧ್ವನಿ ಕೇಳಿದ ಹಾಗೆ ಅನ್ನಿ. ಅನಲೈಜರ್ ಕೆಲವೇ ಮಿಲಿವ್ಯಾಟ್ ಶಕ್ತಿಯ ತರಂಗವನ್ನು ಆಂಟೆನಾಕ್ಕೆ ಕಳಿಸುತ್ತದೆ. ಅದರಲ್ಲಿ ಎಷ್ಟು ತಿರುಗಿ ಬಂತು ಎಂದು ಅಳೆಯುತ್ತದೆ. ಈ ಲೆಕ್ಕಕ್ಕೆ ಎಸ್.ಡಬ್ಲ್ಯೂ.ಆರ್. ಎನ್ನುತ್ತಾರೆ. ಏನೂ ತಿರುಗಿ ಬರದಿದ್ದರೆ ಅದು 1. ಹೆಚ್ಚು ತಿರುಗಿ ಬಂದಷ್ಟೂ ಅಂಕಿ ಏರುತ್ತದೆ. 2ರ ಒಳಗಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಈಗ ತೊಂದರೆ ನೋಡ್ರಿ. ಸಂಗಮೇಶ್ವರ ಜಾತ್ರೆಯ ಲೌಡ್‌ಸ್ಪೀಕರ್ ಪಕ್ಕದಲ್ಲೇ ನಿಂತು ಬಾವಿಗೆ ಕೂಗಿದರೆ ಏನು ಕೇಳಿಸೀತು? ನಿಮ್ಮ ಪ್ರತಿಧ್ವನಿಯಲ್ಲ, ಲೌಡ್‌ಸ್ಪೀಕರಿನ ಸಪ್ಪಳ! ಸಾಮಾನ್ಯ ಅನಲೈಜರಿನ ಒಳಗೆ ಅಳೆಯುವ ಕೆಲಸ ಡಯೋಡಿನದು. ಡಯೋಡಿಗೆ ತನ್ನವರು, ಪರರು ಎಂಬ ಭೇದ ಇಲ್ಲ. ಆಂಟೆನಾದಿಂದ ಇಳಿದು ಬಂದ ಯಾವ ತರಂಗವಾದರೂ ಅದಕ್ಕೆ ಒಂದೇ.

1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ನಮ್ಮ ಹಿರಿಯರು 765 ಕಿಲೋಹರ್ಟ್ಸ್ ಮೇಲೆ ಕೇಳುತ್ತ ಬಂದರು. ಅದಕ್ಕೆ 200 ಕಿಲೋವ್ಯಾಟ್‌ನ ಪ್ರೇಷಕ ಬಂತು. 200 ಕಿಲೋವ್ಯಾಟ್ ಅಂದರೆ 20 ಕೋಟಿ ಮಿಲಿವ್ಯಾಟ್! ಅಷ್ಟು ಶಕ್ತಿಯ ಗೋಪುರದಿಂದ 1 ಕಿಲೋಮೀಟರ್ ದೂರದಲ್ಲಿ ಪ್ರತಿ ಮೀಟರಿಗೆ ಸುಮಾರು 4 ವೋಲ್ಟ್ ಇರುತ್ತದೆ. ಅಲ್ಲಿ ಉದ್ದನೆಯ ತಂತಿ ಕಟ್ಟಿದರೆ ಅನಲೈಜರಿನ ಸಣ್ಣ ಧ್ವನಿ ಮುಳುಗಿಯೇ ಹೋಗುತ್ತದೆ. ಚಡಚಣ ಅಲ್ಲಿಂದ 200 ಕಿಲೋಮೀಟರಿಗೂ ದೂರ. ಹಾಗಾಗಿ ನಮಗೆ ಈ ಕಾಟ ಇಲ್ಲ. ಆದರೆ ನಮ್ಮೂರ ಹುಡುಗರು ಮುಂದೆ ಓದಲು ಧಾರವಾಡಕ್ಕೆ ಹೋಗುವುದುಂಟು. ಎಫ್.ಎಂ. ಗೋಪುರದ ಬುಡದಲ್ಲಿ ಸಣ್ಣ ಆಂಟೆನಾ ಅಳೆಯುವವರಿಗೂ ಇದೇ ಕಥೆ.

ಇದರಿಂದ ನಷ್ಟ ಏನು? 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ತಂತಿ ಬೇಕು. ಅಳತೆ ಸರಿಯಾಗೇ ಇದೆ, ಮೀಟರ್ ಮಾತ್ರ 4 ಅಂತ ತೋರಿಸುತ್ತದೆ ಅನ್ನಿ. ತಂತಿ ಉದ್ದ ಆಯ್ತು ಅಂತ ತಿಳಿದು ಒಂದೊಂದೇ ಗೇಣು ಕತ್ತರಿಸುತ್ತ ಹೋದರೆ ಒಳ್ಳೆಯ ಆಂಟೆನಾ ಹಾಳು. ಕತ್ತರಿಸಿದ ತಂತಿ ತಿರುಗಿ ಬೆಳೆಯುವುದಿಲ್ಲ!

ಪತ್ತೆ ಹಚ್ಚುವುದು ಹೀಗೆ:

ಮೊದಲು ಅನಲೈಜರಿಗೆ 50 ಓಮ್ ರೆಸಿಸ್ಟರ್ ಜೋಡಿಸಿ. 1 ಬಂದರೆ ಉಪಕರಣ ಸರಿ ಇದೆ. ಆಮೇಲೆ ಆಂಟೆನಾ ಜೋಡಿಸಿ ಗುಂಡಿ ತಿರುಗಿಸಿ. ಎಲ್ಲಿಯೂ ಅಂಕಿ ಇಳಿಯದಿದ್ದರೆ, ಅಥವಾ ಮುಳ್ಳು ಸುಮ್ಮನೆ ಕುಣಿಯುತ್ತಿದ್ದರೆ ಸಂಶಯ ಪಡಿ. ಕೊನೆಗೆ ಅನಲೈಜರ್ ಬಿಚ್ಚಿಟ್ಟು, ಆಂಟೆನಾಕ್ಕೆ ಒಂದು ಡಯೋಡ್ ಹಚ್ಚಿ ಮಲ್ಟಿಮೀಟರಿನಿಂದ ನೋಡಿ. ಏನೂ ಕಳಿಸದೆಯೇ ವೋಲ್ಟ್ ತೋರಿಸಿದರೆ ಅದು ಹೊರಗಿನ ಶಕ್ತಿಯೇ.

ಪರಿಹಾರಗಳು:

1. ಬಾನುಲಿ ಪ್ರಸಾರ ನಿಂತಿರುವ ವೇಳೆಯಲ್ಲಿ ಅಳೆಯುವುದು. ಇದಕ್ಕೆ ಖರ್ಚೇ ಇಲ್ಲ.

2. ಮಧ್ಯಮ ತರಂಗವನ್ನು ತಡೆದು, ಅದಕ್ಕಿಂತ ಮೇಲಿನ ತರಂಗಗಳನ್ನು ಬಿಡುವ ಫಿಲ್ಟರನ್ನು ನಡುವೆ ಹಾಕುವುದು. ಫಿಲ್ಟರೂ ಲೆಕ್ಕ ಕೆಡಿಸಬಹುದು. ಆದ್ದರಿಂದ ಅದರ ಹಿಂದೆ 50 ಓಮ್ ರೆಸಿಸ್ಟರ್ ಇಟ್ಟು 1 ಬರುತ್ತದೆಯೇ ಅಂತ ಮೊದಲು ನೋಡಬೇಕು.

3. ತಾನು ಕಳಿಸಿದ ಆವರ್ತನವನ್ನಷ್ಟೇ ಆಲಿಸುವ ಉಪಕರಣ ಬಳಸುವುದು. ವೆಕ್ಟರ್ ನೆಟ್‌ವರ್ಕ್ ಅನಲೈಜರ್ ಈ ಜಾತಿಯದು. ಆದರೆ ಗೋಪುರ ತೀರಾ ಹತ್ತಿರವಿದ್ದರೆ ಅದೂ ತಬ್ಬಿಬ್ಬಾಗಬಹುದು.

4. ಪರವಾನಗಿ ಉಳ್ಳವರು ತಮ್ಮ ರೇಡಿಯೋದಿಂದಲೇ ಕೆಲವು ವ್ಯಾಟ್ ಕಳಿಸಿ, ಎಸ್.ಡಬ್ಲ್ಯೂ.ಆರ್. ಮೀಟರಿನಲ್ಲಿ ನೋಡುವುದು. ಕೂಗು ಜೋರಾದರೆ ಪ್ರತಿಧ್ವನಿಯೂ ಜೋರು.

ಒಂದು ಎಚ್ಚರಿಕೆ: ದೊಡ್ಡ ಗೋಪುರದ ಹತ್ತಿರ ಉದ್ದನೆಯ ತಂತಿ ಮುಟ್ಟಿದರೆ ಕೈ ಸುಡಬಹುದು. ಗೋಪುರದ ಬೇಲಿ ದಾಟುವ ಸಾಹಸ ಯಾರೂ ಮಾಡಬಾರದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ ಇದೆ. ಮೀಟರಿನ ಮುಳ್ಳಿಗೂ ಈ ಮಾತು ಸಲ್ಲುತ್ತದೆ. ಕತ್ತರಿ ಕೈಗೆ ತಗೊಳ್ಳುವ ಮುಂಚೆ, ಮೀಟರ್ ಅಳೆಯುತ್ತಿರುವುದು ಯಾರ ಧ್ವನಿಯನ್ನು ಅಂತ ಕೇಳಿಕೊಳ್ಳಿರಿ.