ಕೊಕ್ಕರೆ ಬೆಳ್ಳೂರಿನ ಹುಣಿಸೆಮರಗಳು

ಮಕ್ಕಳಿಗೆ ಪ್ರಕೃತಿಪಾಠವನ್ನು ಹೇಳಿಕೊಡಬೇಕೆಂದು ಸಭೆಗಳಲ್ಲಿ ನಿರ್ಣಯಗಳು ಆಗುತ್ತಲೇ ಇರುವುವು. ಅಂಥ ನಿರ್ಣಯಗಳಲ್ಲಿ ನಾವೂ ಕೈಯೆತ್ತಿದವರೇ. ಆದರೆ ಆ ಪಾಠವು ಊರಿನ ಬೀದಿಯಲ್ಲಿಯೇ ನಡೆಯುವುದನ್ನು ಕಾಣಬಯಸುವವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗತಕ್ಕದ್ದು.

ಪಕ್ಷಿಧಾಮವೆಂದೊಡನೆ ಜನವಸತಿಯಿಂದ ದೂರವಾದ ಕೆರೆಯನ್ನೋ, ರಂಗನತಿಟ್ಟಿನಂಥ ನಡುಗಡ್ಡೆಯನ್ನೋ ವಾಚಕರು ಊಹಿಸಿಕೊಳ್ಳಬಹುದು. ಇಲ್ಲಿ ಹಾಗಲ್ಲ. ಶಿಂಷಾ ನದಿಗೆ ಸಮೀಪವಾದ ಈ ಗ್ರಾಮದಲ್ಲಿ ಹಿತ್ತಲಿನ ಹುಣಿಸೆಮರದ ಮೇಲೆ, ಕೆಳಗೆ ದನಕರುಗಳು ಓಡಾಡುತ್ತಿರುವಾಗಲೇ, ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡುಕಟ್ಟಿ ಮರಿಮಾಡುವುವು. ಚಳಿಗಾಲದಲ್ಲಿ ಬಂದು ಮುಂಗಾರಿನ ಹೊತ್ತಿಗೆ ಹಿಂದಿರುಗುವ ಇವುಗಳನ್ನು ಊರವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುವರು.

ಈ ವಾತ್ಸಲ್ಯವನ್ನು ಕೊಂಡಾಡುವುದು ಪಟ್ಟಣವಾಸಿಗಳಾದ ನಮಗೆ ಸುಲಭ. ವೆಚ್ಚವನ್ನು ಹೊರುವವನು ಮರದ ಒಡೆಯನು. ಹಣ್ಣು ಮಾಗುವ ಕಾಲವೂ ಗೂಡಿನ ಕಾಲವೂ ಒಂದೇ ಆಗಿರುವುದರಿಂದ ಅವನು ಮರವೇರಿ ಕೊಂಬೆಯನ್ನು ಅಲುಗಿಸುವಂತಿಲ್ಲ. ಹಿಕ್ಕೆ ಬಿದ್ದ ಹಣ್ಣು ಮಾರಾಟಕ್ಕೆ ಬಾರದು. ಹಿಕ್ಕೆ ಬೆರೆತ ಮಣ್ಣು ಒಳ್ಳೆಯ ಗೊಬ್ಬರವೆಂಬುದೇನೋ ನಿಜ, ಆದರೆ ಹೋದ ಫಸಲಿಗೆ ಅದು ಸರಿದೂಗುವುದೇ? 1976ರಲ್ಲಿ ಅರಣ್ಯಾಧಿಕಾರಿಗಳಾದ ಶ್ರೀ ಎಸ್. ಜಿ. ನೇಗಿನಹಾಳರು ಈ ಊರಿನ ಕಡೆಗೆ ಗಮನವನ್ನು ಸೆಳೆದರು; ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿಯೂ ಬಂದಿತು. ಆ ಹಣ ನಷ್ಟಕ್ಕೆ ಸಾಲದೆಂಬ ದೂರು ಹಳೆಯದು. ಕೊಡಲಿಗೆ ಬಿದ್ದ ಮರಗಳೂ ಉಂಟು. ಕಡಿದವನನ್ನು ನಿಂದಿಸಲು ನಮಗೆ ಬಾಯಿ ಬಾರದು.

1994ರಲ್ಲಿ ಮೈಸೂರಿನ ನಿಸರ್ಗಪ್ರಿಯರು ಊರಿನ ತರುಣರನ್ನು ಕೂಡಿಕೊಂಡು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿದರು. ಗೂಡಿನಿಂದ ಜಾರಿದ ಮರಿಯು ನೆಲಕ್ಕೆ ಅಪ್ಪಳಿಸದಂತೆ ಮರದಡಿಯಲ್ಲಿ ಬಲೆಯನ್ನು ಕಟ್ಟುವುದು, ಬಿದ್ದುದನ್ನು ಆವರಣದಲ್ಲಿಟ್ಟು ಮೀನುಣಿಸಿ ಸಾಕುವುದು, ರೆಕ್ಕೆ ಬಲಿತ ಮೇಲೆ ಬಿಟ್ಟುಬಿಡುವುದು, ಇವೇ ಅವರ ಕೆಲಸ. ತನ್ನೂರಿನವರು ಮರಿಯೊಂದಕ್ಕೆ ಮೀನುಣಿಸಿದ್ದನ್ನು ಕಂಡು ಬೆಳೆದ ಹುಡುಗನಿಗೆ ಪಠ್ಯಪುಸ್ತಕದ ಹೆಜ್ಜಾರ್ಲೆಯ ಚಿತ್ರವು ಹೊಸದಾಗಿ ಏನನ್ನು ತಿಳಿಸೀತು!

2002ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾನೂನಿನಂತೆ 2007ರಲ್ಲಿ ಈ ಗ್ರಾಮವು ಸಮುದಾಯ ಸಂರಕ್ಷಿತ ಪ್ರದೇಶವೆನಿಸಿತು. ಒಡೆತನವನ್ನು ಕಿತ್ತುಕೊಳ್ಳದೆ ರಕ್ಷಣೆಯಲ್ಲಿ ಜನರನ್ನು ಪಾಲುಗಾರರನ್ನಾಗಿ ಮಾಡುವ ಈ ಏರ್ಪಾಡು ನಮಗೆ ಸಮ್ಮತವೇ. ಆದರೆ 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯತೊಡಗಿದಾಗ, ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡುಬಂದುವು. ಹಕ್ಕಿಯು ಗೂಡು ಕಟ್ಟುವುದು ಬೆಳ್ಳೂರಿನಲ್ಲಿ, ಮೀನು ಹಿಡಿಯುವುದು ಸುತ್ತಣ ಕೆರೆಗಳಲ್ಲಿ. ಆ ಕೆರೆಗಳ ನೀರನ್ನು ಬೆಳ್ಳೂರಿನವರು ಕಾಯಬಲ್ಲರೇ? ಅದು ಕೆರೆಗಳಿರುವ ಊರುಗಳ ಪಂಚಾಯಿತಿಗಳದೂ ಅಧಿಕಾರಿಗಳದೂ ಹೊಣೆ. ಹುಣಿಸೆಯ ಪರಿಹಾರದ ಹಣವಾದರೋ, ಫಸಲಿನ ಪೇಟೆಧಾರಣೆಯನ್ನು ನೋಡಿ ವರ್ಷವರ್ಷವೂ ಗೊತ್ತುಮಾಡಿ, ಹಕ್ಕಿಗಳು ಬರುವುದಕ್ಕೆ ಮೊದಲೇ ಒಡೆಯನ ಕೈಸೇರಬೇಕು.